ಹಿಡಿದುಕೊಂಡ ಬ್ರೇಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಕಳೆಯುತ್ತಿದ್ದಂತೆ ಮೈಸೂರು, ಮಂಡ್ಯ ಕಡೆಯಿಂದ ಬರುವ ಪತ್ರಗಳಲ್ಲಿ ಬ್ರೇಕ್ ಜಾಮ್ ಆದ ದೂರೇ ಹೆಚ್ಚು. ಈ ಸಂಚಿಕೆಯಲ್ಲಿ ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವ ಬಹಳ ಮಂದಿ ಮೊದಲು ಸುತ್ತಿಗೆ ಹಿಡಿಯುತ್ತಾರೆ, ಎಲ್ಲಿ ಹಿಡಿದಿದೆ ಎಂದು ಆಮೇಲೆ ಹುಡುಕುತ್ತಾರೆ. ದುಬಾರಿ ಭಾಗಗಳು ಹಾಳಾಗುವುದು ಅಲ್ಲೇ.

ಪ್ರಶ್ನೆ: ಎಂಟು ತಿಂಗಳು ಶೆಡ್ಡಿನಲ್ಲೇ ನಿಂತಿದ್ದ 150 ಸಿಸಿ ಬೈಕನ್ನು ಈಗ ತಳ್ಳಿದರೂ ಅಲ್ಲಾಡುತ್ತಿಲ್ಲ. ಮುಂದಿನ ಡಿಸ್ಕ್ ಬ್ರೇಕ್ ಹಿಡಿದುಕೊಂಡಿದೆ. ಕ್ಯಾಲಿಪರ್ ಪಿಸ್ಟನ್ ಜಾಮ್ ಆಗಿದೆ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದರೆ ಈಚೆ ಬರುತ್ತದೆ ಅನ್ನುತ್ತಾರೆ ಗೆಳೆಯರು. ನನ್ನ ಹತ್ತಿರ ಸ್ಪ್ಯಾನರ್ ಸೆಟ್, ಎಲೆನ್ ಕೀ ಇವೆ. ನಾನೇ ಮಾಡಬಹುದೇ?
— ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಮಾಡಬಹುದು. ಆದರೆ ಗಾಳಿ ಹೊಡೆಸುವ ಯೋಚನೆ ಬಿಡಿ. ಕಾರಣ ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು, ಹಿಡಿದಿರುವುದು ಪಿಸ್ಟನ್ನೇ ಎಂದು ಖಾತ್ರಿ ಮಾಡಿಕೊಳ್ಳಿ. ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಅದುಮುವ ಭಾಗ ಕ್ಯಾಲಿಪರ್, ಅದರೊಳಗಿಂದ ಆಯಿಲ್ ಒತ್ತಡಕ್ಕೆ ಹೊರಬಂದು ಪ್ಯಾಡನ್ನು ತಳ್ಳುವುದು ಪಿಸ್ಟನ್.

ಬೈಕನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ. ಕ್ಯಾಲಿಪರ್ ಮೇಲಿನ ಬ್ಲೀಡರ್ ನಿಪ್ಪಲ್‌ಗೆ (ಆಯಿಲ್, ಗಾಳಿ ಹೊರಬಿಡುವ ಟೊಳ್ಳು ಸ್ಕ್ರೂ) ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಸಿ, ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಡಿಸಿಕೊಂಡರೆ ಪಿಸ್ಟನ್ ತಪ್ಪಿಲ್ಲ. ಮೇಲಿನಿಂದ ಬಂದ ಒತ್ತಡ ವಾಪಸ್ ಹೋಗದೆ ಸಿಕ್ಕಿಕೊಂಡಿತ್ತು, ಅಷ್ಟೇ. ಆಗ ದೋಷ ಹ್ಯಾಂಡಲ್ ಮೇಲೆ ಲಿವರ್ ಒತ್ತುವ ಮಾಸ್ಟರ್ ಸಿಲಿಂಡರ್‌ನಲ್ಲಿ ಇಲ್ಲವೇ ಒಳಗೇ ಊದಿ ಮುಚ್ಚಿಕೊಂಡ ರಬ್ಬರ್ ಹೋಸ್‌ನಲ್ಲಿ. ಇವೆರಡರಲ್ಲಿ ಯಾವುದು ಎಂದು ತಿಳಿಯಲು, ಇನ್ನೊಮ್ಮೆ ಬ್ರೇಕ್ ಹಿಡಿದುಕೊಂಡಾಗ ನಿಪ್ಪಲ್ ಬದಲು ಹ್ಯಾಂಡಲ್ ಹತ್ತಿರ ಹೋಸನ್ನು ಮಾಸ್ಟರ್ ಸಿಲಿಂಡರ್‌ಗೆ ಕಚ್ಚಿಸುವ ಬ್ಯಾಂಜೋ ಬೋಲ್ಟ್ ಸಡಿಲಿಸಿ. ಚಕ್ರ ಬಿಟ್ಟರೆ ಮಾಸ್ಟರ್ ಸಿಲಿಂಡರ್, ಬಿಡದಿದ್ದರೆ ಹೋಸ್. ನಿಪ್ಪಲ್ ತೆಗೆದರೂ ಚಕ್ರ ಹಿಡಿದೇ ಇದ್ದರೆ ಮಾತ್ರ ಕ್ಯಾಲಿಪರ್ ಬಿಚ್ಚುವ ಮಾತು.

ಅಲ್ಲೂ ಎರಡು ಸಾಧ್ಯತೆ. ಹೆಚ್ಚಿನ ಬೈಕುಗಳ ಕ್ಯಾಲಿಪರ್ ಎರಡು ಸ್ಲೈಡ್ ಪಿನ್‌ಗಳ ಮೇಲೆ ಅತ್ತಿತ್ತ ಸರಿಯಬೇಕು. ಆ ಪಿನ್‌ಗಳ ಗ್ರೀಸ್ ಒಣಗಿ, ರಬ್ಬರ್ ಬೂಟ್ ಹರಿದು ನೀರು ಹೋದರೆ ಅಲ್ಲೇ ತುಕ್ಕು ಹಿಡಿದು ನಿಲ್ಲುತ್ತದೆ. ಕ್ಯಾಲಿಪರ್ ಬಿಚ್ಚಿದ ಮೇಲೆ ಬ್ರಾಕೆಟ್ ಹಿಡಿದು ಕೈಯಲ್ಲೇ ತಳ್ಳಿ ನೋಡಿ. ಸರಾಗವಾಗಿ ಸರಿಯದಿದ್ದರೆ, ಪ್ಯಾಡ್ ಒಂದು ತುದಿಯಲ್ಲಿ ತೆಳ್ಳಗೆ ಇನ್ನೊಂದು ತುದಿಯಲ್ಲಿ ದಪ್ಪಗೆ ಸವೆದಿದ್ದರೆ, ಮೊದಲ ಅನುಮಾನ ಪಿನ್ ಮೇಲಿರಲಿ. ಪಿನ್ ಎಳೆಯುವುದಕ್ಕಿಂತ ತಿರುಗಿಸುವುದು ಮೇಲು. ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಹೊರಗೆ ತನ್ನಿ, ತುಕ್ಕನ್ನು 400 ನಂಬರ್ ಎಮರಿ ಕಾಗದದಲ್ಲಿ ತೆಗೆಯಿರಿ. ಗುಂಡಿ ಬಿದ್ದಿದ್ದರೆ ಹೊಸ ಪಿನ್ ಹಾಕಿ. ಮತ್ತೆ ಸೇರಿಸುವಾಗ ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಬೇರಿಂಗ್‌ಗೆ ಹಚ್ಚುವ ಸಾಮಾನ್ಯ ಗ್ರೀಸ್ ರಬ್ಬರ್ ಬೂಟನ್ನು ಊದಿಸುತ್ತದೆ, ಪಿನ್ ಮತ್ತೆ ಹಿಡಿಯುತ್ತದೆ.

ಇನ್ನು ಪಿಸ್ಟನ್. ಕ್ಯಾಲಿಪರ್ ಇನ್ನೂ ಫೋರ್ಕ್‌ಗೆ ಕಚ್ಚಿಕೊಂಡಿರುವಾಗಲೇ ಪ್ಯಾಡ್ ಪಿನ್, ಬ್ಯಾಂಜೋ ಬೋಲ್ಟ್, ನಿಪ್ಪಲ್ ಮೂರನ್ನೂ ಒಮ್ಮೊಮ್ಮೆ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿ ಮಾಡಿಟ್ಟುಕೊಳ್ಳಿ. ಈಚೆ ಬಂದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಬೋಲ್ಟ್ ಬಿಚ್ಚುವುದು ಕಷ್ಟ, ವೈಸ್‌ಗೆ ಕೊಟ್ಟರೆ ಅಲ್ಯೂಮಿನಿಯಂ ಜಜ್ಜಿಹೋಗುತ್ತದೆ. ಪ್ಯಾಡ್‌ಗಳು ಡಿಸ್ಕನ್ನು ಬಿಡದಿದ್ದರೆ ನಿಪ್ಪಲ್ ಸಡಿಲಿಸಿ, ಕ್ಯಾಲಿಪರ್ ಮೈಯನ್ನೇ ಅಡ್ಡಕ್ಕೆ ಒತ್ತಿ. ಸ್ಕ್ರೂ ಡ್ರೈವರ್ ಹಾಕಿ ಮೀಟಬೇಕಾಗಿ ಬಂದರೂ ಡಿಸ್ಕ್ ಮೇಲೆ ಊರಿ ಮೀಟಬೇಡಿ. ಒಮ್ಮೆ ಬಾಗಿದ ಡಿಸ್ಕ್ ಆಮೇಲೆ ಲಿವರನ್ನು ನಡುಗಿಸುತ್ತಲೇ ಇರುತ್ತದೆ.

ಕ್ಯಾಲಿಪರ್ ಬಿಚ್ಚಿ, ಪ್ಯಾಡ್ ತೆಗೆದು, ಹೋಸನ್ನು ಮಾತ್ರ ಹಾಗೇ ಬಿಡಿ. ಪಿಸ್ಟನ್ ಎದುರು 10–12 ಮಿ.ಮೀ. ದಪ್ಪದ ಮರದ ಪಟ್ಟಿ ಇಡಿ. ರಿಸರ್ವಾಯರ್ (ಮಾಸ್ಟರ್ ಸಿಲಿಂಡರ್ ಮೇಲಿನ ಆಯಿಲ್ ಡಬ್ಬಿ) ತುಂಬ ಬ್ರೇಕ್ ಆಯಿಲ್ ಇರಲಿ. ಈಗ ಬ್ರೇಕ್ ಲಿವರನ್ನೇ ನಿಧಾನವಾಗಿ ಅದುಮುತ್ತಾ ಹೋಗಿ. ನಿಮ್ಮ ಹತ್ತಿರ ಇರುವ ಅತಿ ಬಲವಾದ ಉಪಕರಣ ಅದೇ. ಲೆಕ್ಕ ನೋಡಿ: ಬೆರಳುಗಳಲ್ಲಿ 10 ಕೆ.ಜಿ. ಬಲ ಹಾಕಿದಿರಿ, ಲಿವರ್ ಅದನ್ನು ಐದು ಪಟ್ಟು ಮಾಡಿತು ಎಂದುಕೊಳ್ಳಿ. ಅರ್ಧ ಇಂಚು ವ್ಯಾಸದ ಮಾಸ್ಟರ್ ಸಿಲಿಂಡರ್‌ನಲ್ಲಿ ಅದು ಚದರ ಸೆಂಟಿಮೀಟರಿಗೆ ಸುಮಾರು 40 ಕೆ.ಜಿ. ಒತ್ತಡ. ಕ್ಯಾಲಿಪರ್ ಪಿಸ್ಟನ್ 30 ಮಿ.ಮೀ. ವ್ಯಾಸದ್ದಾದರೆ ಅದರ ಬೆನ್ನಿಗೆ ಬೀಳುವ ಬಲ 280 ಕೆ.ಜಿ. ಹತ್ತಿರ. ಪಂಕ್ಚರ್ ಅಂಗಡಿಯ ಗಾಳಿ ಚದರ ಸೆಂಟಿಮೀಟರಿಗೆ 7 ಕೆ.ಜಿ. ಇದ್ದರೆ ಸಿಗುವುದು ಬರೀ 50 ಕೆ.ಜಿ. ಬಲ ಕಡಿಮೆ, ಅಪಾಯ ಮಾತ್ರ ಹೆಚ್ಚು. ಆಯಿಲ್ ಕುಗ್ಗುವುದಿಲ್ಲ, ಪಿಸ್ಟನ್ ಒಂದಿಷ್ಟು ಸರಿದ ತಕ್ಷಣ ಒತ್ತಡ ಇಳಿಯುತ್ತದೆ. ಗಾಳಿ ಕುಗ್ಗಿ ಕುಳಿತಿರುತ್ತದೆ, ಪಿಸ್ಟನ್ ಬಿಟ್ಟ ಕ್ಷಣ ಪೂರ್ತಿ ಹಿಗ್ಗಿ ಅದನ್ನು ಹೊರಗೆ ಎಸೆಯುತ್ತದೆ. ಆಗ ಎದುರಿಗೆ ಬೆರಳಿದ್ದರೆ ಮೂಳೆ ಉಳಿಯುವುದಿಲ್ಲ.

ಪಿಸ್ಟನ್ ಒಂದೆರಡು ಮಿ.ಮೀ. ಹೊರಬಂದಾಗ ನಿಲ್ಲಿಸಿ. ಕಾಣುವ ಅಂಚಿಗೆ ಹೊಸ ಬ್ರೇಕ್ ಆಯಿಲ್ ಹಚ್ಚಿ, ಹಳೆಯ ಟೂತ್ ಬ್ರಷ್‌ನಲ್ಲಿ ಕೊಳೆ ಉಜ್ಜಿ, ನಿಪ್ಪಲ್ ತೆರೆದು ಪಿಸ್ಟನ್ನನ್ನು ಹೆಬ್ಬೆರಳಲ್ಲಿ ಒಳಗೆ ಒತ್ತಿ. ನಿಪ್ಪಲ್ ಮುಚ್ಚಿ ಮತ್ತೆ ಅದುಮಿ. ಹೀಗೆ ಒಳಗೆ ಹೊರಗೆ ಆಡಿಸಿದರೆ ತುಕ್ಕು, ಕೊಳೆ ಸಡಿಲವಾಗುತ್ತವೆ. ಎರಡು ಪಿಸ್ಟನ್ ಇರುವ ಕ್ಯಾಲಿಪರ್‌ನಲ್ಲಿ ಒಂದು ಸಲೀಸಾಗಿ ಓಡುತ್ತದೆ, ಇನ್ನೊಂದು ಕದಲುವುದಿಲ್ಲ. ಓಡುವುದನ್ನು ಜಿ ಕ್ಲ್ಯಾಂಪ್ ಹಾಕಿ ಹಿಡಿದು ನಿಲ್ಲಿಸಿ. ಒತ್ತಡವೆಲ್ಲ ಹಟ ಹಿಡಿದದ್ದರ ಮೇಲೆ ಬೀಳುತ್ತದೆ. ಈ ಒಂದು ಉಪಾಯ ಗೊತ್ತಿಲ್ಲದೆ ಎಷ್ಟೋ ಕ್ಯಾಲಿಪರ್‌ಗಳು ಗುಜರಿಗೆ ಹೋಗುತ್ತವೆ. ಕೊನೆಗೆ ಮರದ ಪಟ್ಟಿಯನ್ನು ತೆಳ್ಳಗಿನದಕ್ಕೆ ಬದಲಿಸಿ, ಕೆಳಗೆ ತಟ್ಟೆ ಇಟ್ಟು ಪೂರ್ತಿ ಹೊರಗೆ ತನ್ನಿ.

ಪಿಸ್ಟನ್ನಿನ ಹೊರಮೈಗೆ ಪಕ್ಕಡ್ ಹಾಕಬೇಡಿ, ವೈಸ್‌ ಗ್ರಿಪ್ ಹಾಕಬೇಡಿ. ಹಲ್ಲಿನ ಗುರುತು ಬಿದ್ದ ಕಡೆ ಸೀಲ್ ಸೋರುತ್ತದೆ. ಪಿಸ್ಟನ್ ಒಳಗೆ ಟೊಳ್ಳು, ಹಿಡಿಯಲೇಬೇಕಾದರೆ ಒಳಗೋಡೆಯಿಂದ ಹಿಡಿದು ತಿರುಗಿಸಿ.

ಮಾಸ್ಟರ್ ಸಿಲಿಂಡರ್ ಸತ್ತಿದ್ದು ಲಿವರ್‌ನಲ್ಲಿ ಒತ್ತಡವೇ ಬರದಿದ್ದರೆ ಗ್ರೀಸ್ ಗನ್ ಇದೆ. ಬ್ಲೀಡರ್ ನಿಪ್ಪಲ್ಲನ್ನು ಬೋಲ್ಟ್ ಅಂಗಡಿಗೆ ಒಯ್ದು ಅದೇ ಥ್ರೆಡ್‌ನ ಗ್ರೀಸ್ ನಿಪ್ಪಲ್ ತನ್ನಿ. ಹೋಸ್ ಸೇರುವ ತೂತನ್ನು ಅದರ ಥ್ರೆಡ್‌ನ ಬೋಲ್ಟ್ ಮತ್ತು ತಾಮ್ರದ ವಾಷರ್ ಹಾಕಿ ಮುಚ್ಚಿ, ಗ್ರೀಸ್ ತುಂಬುತ್ತಾ ಹೋಗಿ. ಪಿಸ್ಟನ್ ನಿಧಾನವಾಗಿ, ಸದ್ದಿಲ್ಲದೆ ಈಚೆ ಬರುತ್ತದೆ. ಆದರೆ ಆಮೇಲೆ ಒಳಗಿನ ಕಾಲುವೆಗಳಲ್ಲಿ ಒಂದು ಚೂರೂ ಗ್ರೀಸ್ ಉಳಿಯದಂತೆ ಬ್ರೇಕ್ ಕ್ಲೀನರ್ ಹೊಡೆದು ತೊಳೆಯಬೇಕು, ಹಳೆಯ ರಬ್ಬರ್‌ಗಳನ್ನೆಲ್ಲ ಬಿಸಾಡಬೇಕು.

ಈಗ ಕ್ಯಾಲಿಪರ್ ಒಳಗೆ ಬೆಳಕು ಬಿಟ್ಟು ನೋಡಿ. ಸುತ್ತಲೂ ಕೊರೆದ ಎರಡು ತೋಡು ಕಾಣುತ್ತವೆ. ಹೊರಗಿನದರಲ್ಲಿ ಧೂಳಿನ ಸೀಲ್, ಒಳಗಿನದರಲ್ಲಿ ಚೌಕ ಅಂಚಿನ ಮುಖ್ಯ ಸೀಲ್. ಸೀಲ್‌ಗಳನ್ನು ತೆಗೆದಾಗ ತೋಡಿನ ತಳದಲ್ಲಿ ಗಟ್ಟಿಯಾದ ಬಿಳಿ ಪುಡಿ ಕೂತಿರುತ್ತದೆ. ಅದು ಅಲ್ಯೂಮಿನಿಯಂ ತುಕ್ಕು, ನಿಮ್ಮ ಬ್ರೇಕ್ ಹಿಡಿಯಲು ನಿಜವಾದ ಕಾರಣವೂ ಬಹುಪಾಲು ಅದೇ. ಲಿವರ್ ಒತ್ತಿದಾಗ ಮುಖ್ಯ ಸೀಲ್ ಪಿಸ್ಟನ್ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಡಿಸ್ಕ್ ಬ್ರೇಕ್ ಕ್ಯಾಲಿಪರ್‌ನಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ತರಲು ಬೇರೆ ಸ್ಪ್ರಿಂಗ್ ಇಲ್ಲ. ತೋಡಿನ ತಳದಲ್ಲಿ ಪುಡಿ ತುಂಬಿದರೆ ಸೀಲ್ ಮೇಲಕ್ಕೆ ಉಬ್ಬಿ ಪಿಸ್ಟನ್ನಿನ ಸುತ್ತ ಬಿಗಿಯುತ್ತದೆ, ತಿರುಚಿಕೊಳ್ಳಲು ಜಾಗವೇ ಇರುವುದಿಲ್ಲ. ಹಾಗಾಗಿ ಪಿಸ್ಟನ್ ಮಾತ್ರ ಹೊಳೆಯಿಸಿ ಹಳೆಯ ತೋಡಿಗೆ ಹೊಸ ಸೀಲ್ ಹಾಕಿದರೆ ಕೆಲವೇ ವಾರಗಳಲ್ಲಿ ಅದೇ ತೊಂದರೆ ಮರಳುತ್ತದೆ. ಚೂಪು ಮಾಡಿದ ಬಿದಿರಿನ ಕಡ್ಡಿ ಅಥವಾ ಹಿತ್ತಾಳೆ ತಂತಿಯಿಂದ ಆ ಪುಡಿಯನ್ನು ತೋಡಿನ ಮೂಲೆ ಮೂಲೆಯಿಂದ ಕೆರೆದು ತೆಗೆಯಿರಿ. ಉಕ್ಕಿನ ಮೊನೆ ಬೇಡ, ಗೀರು ಬೀಳುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಇದೊಂದೇ, ಅರ್ಧ ಗಂಟೆ ಆದರೂ ಆಗಲಿ.

ಪಿಸ್ಟನ್ ಮೇಲಿನ ಕಂದು ಕಲೆಯನ್ನು 1000 ನಂಬರ್ ವಾಟರ್ ಪೇಪರ್‌ಗೆ ಬ್ರೇಕ್ ಆಯಿಲ್ ಹಚ್ಚಿ ಹಗುರವಾಗಿ ಉಜ್ಜಿ ತೆಗೆಯಬಹುದು. ಸೀಲ್ ಓಡಾಡುವ ಜಾಗದಲ್ಲಿ ಉಗುರಿಗೆ ತಾಕುವ ಗುಂಡಿ ಇದ್ದರೆ, ಕ್ರೋಮ್ ಎದ್ದಿದ್ದರೆ ಹೊಸ ಪಿಸ್ಟನ್ನೇ ಬೇಕು. ಸೀಲ್ ಕಿಟ್ ಮಾತ್ರ ಎಲ್ಲ ಸಂದರ್ಭದಲ್ಲೂ ಹೊಸದು. ಸೀಲ್ ಮತ್ತು ಪಿಸ್ಟನ್‌ಗೆ ಹೊಸ ಬ್ರೇಕ್ ಆಯಿಲ್ ಸವರಿ, ಪಿಸ್ಟನ್ನನ್ನು ನೇರವಾಗಿಟ್ಟು ಹೆಬ್ಬೆರಳುಗಳಲ್ಲಿ ಒತ್ತಿ. ಹೆಬ್ಬೆರಳಿಗೆ ಹೋಗದಿದ್ದರೆ ಓರೆಯಾಗಿದೆ ಎಂದರ್ಥ. ತೆಗೆದು ಮತ್ತೆ ಇಡಿ, ಬಡಿಯಬೇಡಿ.

ಬ್ಯಾಂಜೋ ಬೋಲ್ಟಿನ ಎರಡು ವಾಷರ್‌ಗಳೂ ಹೊಸವಿರಲಿ. ಬಿಗಿ ಹೆಚ್ಚಿನ ಬೈಕುಗಳಲ್ಲಿ 30–35 ನ್ಯೂಟನ್ ಮೀಟರ್, ಬ್ಲೀಡರ್‌ಗೆ 6ರ ಆಸುಪಾಸು. ನಿಮ್ಮ ಬೈಕಿನ ಪುಸ್ತಕದಲ್ಲಿರುವ ಅಂಕಿಯೇ ಅಂತಿಮ. ಡಾಟ್ 4 (ಬ್ರೇಕ್ ಆಯಿಲಿನ ದರ್ಜೆ) ಎಂದು ರಿಸರ್ವಾಯರ್ ಮುಚ್ಚಳದ ಮೇಲೆ ಬರೆದಿದ್ದರೆ ಸೀಲ್ ಒಡೆಯದ ಡಾಟ್ 4 ಬಾಟಲಿ ತಂದು ಬ್ಲೀಡಿಂಗ್ ಮಾಡಿ, ಅಂದರೆ ನಿಪ್ಪಲ್ ಮೂಲಕ ಒಳಗಿನ ಗಾಳಿಯನ್ನೆಲ್ಲ ಹೊರಹಾಕಿ. ಆಮೇಲೆ ಲಿವರನ್ನು ಒಂದು ನಿಮಿಷ ಗಟ್ಟಿಯಾಗಿ ಹಿಡಿದು ಕೀಲುಗಳಲ್ಲಿ ಜಿನುಗುತ್ತಿದೆಯೇ ನೋಡಿ. ಚಕ್ರ ಕೈಯಲ್ಲಿ ತಿರುಗಬೇಕು, ಲಿವರ್ ಬಿಟ್ಟ ಕೂಡಲೇ ಮತ್ತೆ ತಿರುಗಬೇಕು. ಬೈಕ್ ಹತ್ತುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಅದುಮಿ. ಇದನ್ನು ಮರೆತು ಗೇಟಿನಿಂದ ಈಚೆ ಬಂದರೆ ಮೊದಲ ಬ್ರೇಕ್ ಬೀಳುವುದೇ ಇಲ್ಲ.

ಪ್ರಶ್ನೆ: ಚಾಮುಂಡಿ ಬೆಟ್ಟದಿಂದ ಇಳಿದು ಬರುವಷ್ಟರಲ್ಲಿ ಮುಂದಿನ ಬ್ರೇಕ್ ತಾನಾಗಿ ಹಿಡಿದುಕೊಳ್ಳುತ್ತದೆ. ಕಾಲು ಗಂಟೆ ನಿಲ್ಲಿಸಿದರೆ ಸರಿಹೋಗುತ್ತದೆ. ಕ್ಯಾಲಿಪರ್ ಬಿಚ್ಚಿಸಿ ಕ್ಲೀನ್ ಮಾಡಿಸಿದ್ದಾಯಿತು, ಪ್ರಯೋಜನ ಇಲ್ಲ.
— ಓದುಗರೊಬ್ಬರು, ನಜರಬಾದ್, ಮೈಸೂರು

ಉತ್ತರ: ತಣ್ಣಗಾದರೆ ಬಿಡುತ್ತದೆ ಎಂಬ ಒಂದು ಮಾತಿನಲ್ಲೇ ಉತ್ತರ ಇದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆಯಿಲ್ ಹಿಗ್ಗುತ್ತದೆ. ಹಿಗ್ಗಿದ್ದು ಮಾಸ್ಟರ್ ಸಿಲಿಂಡರ್‌ನ ಸಣ್ಣ ತೂತಿನ ಮೂಲಕ ರಿಸರ್ವಾಯರ್‌ಗೆ ವಾಪಸ್ ಹೋಗಬೇಕು. ಆ ತೂತು ಮುಚ್ಚಿದ್ದರೆ ಒತ್ತಡ ಪ್ಯಾಡ್‌ಗಳ ಮೇಲೆ ಬೀಳುತ್ತದೆ, ಪ್ಯಾಡ್ ಇನ್ನಷ್ಟು ಕಾಯುತ್ತದೆ, ಆಯಿಲ್ ಇನ್ನಷ್ಟು ಹಿಗ್ಗುತ್ತದೆ.

ಮೊದಲು ಲಿವರ್ ನೋಡಿ. ಅದು ಮಾಸ್ಟರ್ ಸಿಲಿಂಡರ್ ಪಿಸ್ಟನ್ನನ್ನು ತಾಕುವ ಮೊದಲು ಒಂದು ಚೂರು ಖಾಲಿ ಆಟ ಇರಬೇಕು. ಅಂದಕ್ಕೆಂದು ಹಾಕಿಸಿದ ಹೊರಗಿನ ಕಂಪನಿಯ ಲಿವರ್‌ಗಳಲ್ಲಿ ಈ ಆಟವೇ ಇರುವುದಿಲ್ಲ. ಪಿಸ್ಟನ್ ಸದಾ ಸ್ವಲ್ಪ ಒಳಗೇ ಇದ್ದು ತೂತನ್ನು ಮುಚ್ಚಿಕೊಂಡಿರುತ್ತದೆ. ಲಿವರ್ ಸರಿ ಇದ್ದರೆ ರಿಸರ್ವಾಯರ್ ಮುಚ್ಚಳ ತೆಗೆದು ಲಿವರನ್ನು ಮೆಲ್ಲಗೆ ಒತ್ತಿ. ತಳದಿಂದ ಸಣ್ಣ ಬುಗ್ಗೆ ಎದ್ದು ಆಯಿಲ್ ಮೇಲ್ಮೈ ಅಲುಗಿದರೆ ತೂತು ತೆರೆದಿದೆ. ಅಲುಗದಿದ್ದರೆ ಆಯಿಲ್ ಹೀರಿ ತೆಗೆದು ತಳ ನೋಡಿ. ದೊಡ್ಡದೊಂದು, ಸೂಜಿ ಮೊನೆಯಷ್ಟು ಸಣ್ಣದೊಂದು ತೂತು ಇರುತ್ತವೆ. ಕೆಲವು ಬೈಕುಗಳಲ್ಲಿ ಚಿಕ್ಕ ತಗಡು ಅವನ್ನು ಮುಚ್ಚಿರುತ್ತದೆ. ಎಲೆಕ್ಟ್ರಿಕ್ ವೈರಿನ ಒಂದೇ ಒಂದು ತಾಮ್ರದ ಎಳೆಯಿಂದ ಸಣ್ಣ ತೂತು ಬಿಡಿಸಿ. ಸೂಜಿ, ಡ್ರಿಲ್ ಹಾಕಿ ಕೆದಕಿದರೆ ಒಳ ಅಂಚು ಚೂಪಾಗಿ ರಬ್ಬರ್ ಕಪ್ಪನ್ನು ಕುಯ್ಯುತ್ತದೆ. ತೂತಿನಲ್ಲಿ ಜಿಗುಟು ಕೂತಿತ್ತೆಂದರೆ ಒಳಗಿನ ಆಯಿಲ್ ಕೂಡ ಹಾಳಾಗಿದೆ, ಪೂರ್ತಿ ಬದಲಿಸಿ. ಡಾಟ್ 4 ಆಯಿಲ್ ಹೊಸತಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ, ನೀರು ಹೀರಿದ ಮೇಲೆ ಅದು 155 ಡಿಗ್ರಿಗೆ ಇಳಿಯುತ್ತದೆ. ಗಾಳಿಯ ತೇವವನ್ನು ಅದು ತಾನಾಗಿ ಹೀರುತ್ತದೆ, ಆದ್ದರಿಂದ ಬೈಕ್ ಓಡಿಸಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಬೆಟ್ಟ ಇಳಿಯುವಾಗ ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ.

ಪ್ರಶ್ನೆ: ಬ್ಲೀಡರ್ ನಿಪ್ಪಲ್‌ನ ಷಟ್ಕೋನ ಸವೆದು ಉರುಟಾಗಿದೆ, ಸ್ಪ್ಯಾನರ್ ಜಾರುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಹೂಟಗಳ್ಳಿ, ಮೈಸೂರು

ಉತ್ತರ: ಓಪನ್ ಸ್ಪ್ಯಾನರ್ ಹಾಕಿದ್ದರಿಂದಲೇ ಹೀಗಾಗಿದೆ, ಅದನ್ನು ಬದಿಗಿಡಿ. ಉಕ್ಕಿನ ನಿಪ್ಪಲ್, ಅಲ್ಯೂಮಿನಿಯಂ ಕ್ಯಾಲಿಪರ್, ನಡುವೆ ನೀರು: ಎರಡು ಲೋಹಗಳ ಮಧ್ಯೆ ತುಕ್ಕು ಬೆಳೆದು ಥ್ರೆಡ್ ಕಚ್ಚಿಕೊಳ್ಳುತ್ತದೆ. ನಿಪ್ಪಲ್ ಮೇಲಿನ ರಬ್ಬರ್ ಟೋಪಿ ಇರುವುದೇ ಆ ನೀರನ್ನು ತಡೆಯಲು.

ಪ್ಯಾಡ್, ಡಿಸ್ಕ್‌ಗೆ ತಾಕದಂತೆ ಕ್ಯಾಲಿಪರ್ ಬಿಚ್ಚಿ ಪಕ್ಕಕ್ಕಿಟ್ಟು, ಥ್ರೆಡ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮಾರನೆಯ ದಿನ ಆರು ಮೂಲೆಯ 8 ಮಿ.ಮೀ. ಸಾಕೆಟ್ ಕೂರಿಸಿ. ಹನ್ನೆರಡು ಮೂಲೆಯದು ಬೇಡ. ನಿಪ್ಪಲ್ ತಲೆಯ ಮೇಲೆ ನೇರವಾಗಿ ಸಣ್ಣ ಸುತ್ತಿಗೆಯಿಂದ ಕೆಲವು ಹಗುರ ಏಟು ಕೊಟ್ಟು, ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಬಿಚ್ಚುವ ಕಡೆಗೇ ಬಲ ಹಾಕಿದರೆ ಟೊಳ್ಳಾದ ನಿಪ್ಪಲ್ ಕುತ್ತಿಗೆಯಲ್ಲಿ ಮುರಿಯುತ್ತದೆ. ಸಾಕೆಟ್ಟೂ ಜಾರಿದರೆ ನಿಪ್ಪಲ್ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಬಹುದು. ವೆಲ್ಡಿಂಗ್ ಬಿಸಿಗೆ ಥ್ರೆಡ್ ಬಿಟ್ಟುಕೊಳ್ಳುತ್ತದೆ, ಹಿಡಿಯಲು ಹೊಸ ತಲೆಯೂ ಸಿಗುತ್ತದೆ. ಆದರೆ ಬಿಸಿ ಮಾಡುವ ಮೊದಲು ಪಿಸ್ಟನ್, ಸೀಲ್ ಎಲ್ಲ ತೆಗೆದಿರಬೇಕು, ಬ್ರೇಕ್ ಕ್ಲೀನರ್ ಹೊಡೆದಿದ್ದರೆ ಸಾಬೂನು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿರಬೇಕು. ಕ್ಲೋರಿನ್ ಬೆರೆತ ಕ್ಲೀನರ್ ವೆಲ್ಡಿಂಗ್ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ. ಅದು ಪ್ರಾಣ ತೆಗೆಯುವಂಥದ್ದು, ವೆಲ್ಡರ್‌ಗೂ ಮೊದಲೇ ತಿಳಿಸಿ.

ಮುರಿದೇ ಹೋದರೆ ಮನೆಯಲ್ಲಿ ಡ್ರಿಲ್ ಹಾಕಬೇಡಿ. ತೂತಿನ ತಳದಲ್ಲಿರುವ ಇಳಿಜಾರು ಕೂರುವ ಜಾಗ ಕೆಟ್ಟರೆ ಕ್ಯಾಲಿಪರ್ ಮತ್ತೆ ಆಯಿಲ್ ನಿಲ್ಲಿಸುವುದಿಲ್ಲ. ಲೇತ್ ಅಂಗಡಿಗೆ ಕೊಡಿ. ಹೊಸ ನಿಪ್ಪಲ್ ಹಾಕಿದ ಮೇಲೂ ಜಿನುಗಿದರೆ ಟೆಫ್ಲಾನ್ ಟೇಪ್ ಸುತ್ತುವುದು ಪರಿಹಾರವಲ್ಲ. ಆಯಿಲನ್ನು ತಡೆಯುವುದು ಥ್ರೆಡ್ ಅಲ್ಲ, ತುದಿಯ ಮೊನೆ.

ಪ್ರಶ್ನೆ: ಮಾಸ್ಟರ್ ಸಿಲಿಂಡರ್ ಮುಚ್ಚಳದ ಎರಡು ಸ್ಕ್ರೂಗಳ ಪ್ಲಸ್ ಗುರುತು ಕಿತ್ತುಹೋಗಿದೆ.
— ಓದುಗರೊಬ್ಬರು, ಮದ್ದೂರು

ಉತ್ತರ: ಗುರುತು ಇನ್ನೂ ಸ್ವಲ್ಪ ಉಳಿದಿದ್ದರೆ ಅಳತೆಗೆ ಸರಿಯಾದ ಸ್ಕ್ರೂ ಡ್ರೈವರ್ ಇಟ್ಟು ಹಿಂದಿನಿಂದ ಒಂದೆರಡು ಏಟು ಕೊಡಿ. ತುಕ್ಕು ಬಿಡುತ್ತದೆ, ತುದಿಯೂ ಆಳಕ್ಕೆ ಕೂರುತ್ತದೆ. ಆಮೇಲೆ ಕೆಳಕ್ಕೆ ಒತ್ತಿ ಹಿಡಿದೇ ತಿರುಗಿಸಿ. ಆಗದಿದ್ದರೆ 4 ಮಿ.ಮೀ. ಡ್ರಿಲ್‌ನಿಂದ ಸ್ಕ್ರೂ ತಲೆಯನ್ನಷ್ಟೇ ಕೊರೆದು ತೆಗೆಯಿರಿ. ಮುಚ್ಚಳ ಎದ್ದ ಮೇಲೆ ಉಳಿದ ಕಡ್ಡಿಯ ಮೇಲೆ ಬಿಗಿ ಇರುವುದಿಲ್ಲ, ಪಕ್ಕಡ್‌ನಲ್ಲಿ ಹಿಡಿದರೆ ಸುಲಭವಾಗಿ ತಿರುಗಿ ಬರುತ್ತದೆ. ಕೊರೆಯುವಾಗ ಪೆಟ್ರೋಲ್ ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹಾಸಿ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಒರೆಸಬೇಡಿ, ಕೂಡಲೇ ನೀರು ಸುರಿದು ತೊಳೆಯಿರಿ.

ಪ್ರಶ್ನೆ: ಗದ್ದೆಗೆ ಓಡಾಡುವ ಟಿವಿಎಸ್ ಎಕ್ಸ್‌ಎಲ್. ನಾಟಿ ಕಾಲ ಬಂದರೆ ಹಿಂದಿನ ಬ್ರೇಕ್ ಒತ್ತಿದ್ದು ವಾಪಸ್ ಬರುವುದಿಲ್ಲ, ಚಕ್ರ ಕಾಯುತ್ತದೆ. ಬ್ರೇಕ್ ಶೂ ಬದಲಿಸಿದರೂ ಹಾಗೇ ಇದೆ ಸ್ವಾಮಿ.
— ಓದುಗರೊಬ್ಬರು, ಪಾಂಡವಪುರ

ಉತ್ತರ: ಶೂ ಬದಲಿಸಿದ್ದು ಅನಗತ್ಯ ಖರ್ಚು. ಹಿಡಿಯುವುದು ಶೂ ಅಲ್ಲ, ಅದನ್ನು ಅಗಲಿಸುವ ಬ್ರೇಕ್ ಕ್ಯಾಮ್ ಅಥವಾ ಕೇಬಲ್. ಚಕ್ರದ ಹತ್ತಿರದ ಕ್ಯಾಮ್ ಲಿವರ್‌ನಿಂದ ಕೇಬಲ್ ಕಳಚಿ. ಲಿವರನ್ನು ಕೈಯಲ್ಲಿ ತಿರುಗಿಸಿ ಬಿಟ್ಟರೆ ಟಪ್ ಎಂದು ವಾಪಸ್ ಬಂದರೆ ಕೇಬಲ್ ತಪ್ಪು, ಬದಲಿಸಿ. ಸೋಮಾರಿಯಾಗಿ ಅಲ್ಲೇ ನಿಂತರೆ ಕ್ಯಾಮ್ ಹಿಡಿದಿದೆ.

ಚಕ್ರ ಬಿಚ್ಚಿ ಬ್ರೇಕ್ ಪ್ಲೇಟ್ ಈಚೆ ತೆಗೆಯಿರಿ. ಎರಡೂ ಶೂಗಳನ್ನು ಹಿಡಿದು ಪುಸ್ತಕ ಮಡಿಸುವಂತೆ ಮೇಲಕ್ಕೆ ಮಡಿಸಿದರೆ ಸ್ಪ್ರಿಂಗ್ ಸಮೇತ ಬರುತ್ತವೆ. ಕ್ಯಾಮ್ ತುದಿ ಮತ್ತು ಲಿವರ್ ಮೇಲೆ ಎದುರುಬದುರಾಗಿ ಚುಕ್ಕೆ ಗುರುತು ಇರುತ್ತದೆ, ಇಲ್ಲದಿದ್ದರೆ ನೀವೇ ಹಾಕಿ. ಲಿವರಿನ ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ತೆಗೆಯಬೇಕು. ಬೋಲ್ಟ್ ಕ್ಯಾಮ್‌ನ ತೋಡಿನಲ್ಲಿ ಹಾದುಹೋಗುವ ಗಾಡಿಗಳಲ್ಲಿ ಎಷ್ಟು ಬಡಿದರೂ ಲಿವರ್ ಈಚೆ ಬಾರದು.

ಕ್ಯಾಮ್ ಕದಲದಿದ್ದರೆ ಡೀಸೆಲ್‌ನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಪ್ಲೇಟಿನ ಮೇಲೆ ಕುದಿಯುವ ನೀರು ಸುರಿಯಿರಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 12 ಮಿ.ಮೀ. ತೂತಿನಲ್ಲಿ ಸಿಗುವ ಸಡಿಲ ಒಂದು ಮಿ.ಮೀ.ನ ನೂರರಲ್ಲೊಂದು ಪಾಲು. ಕೇಳಲು ಅತ್ಯಲ್ಪ, ಆದರೆ ತುಕ್ಕಿನ ಹಿಡಿತ ಮುರಿಯಲು ಅಷ್ಟು ಸಾಕು. ಬಿಸಿ ಇರುವಾಗಲೇ ಲಿವರನ್ನು ಮತ್ತೆ ಹಲ್ಲಿಗೆ ಸಿಕ್ಕಿಸಿ ಅತ್ತಿತ್ತ ತಿರುಗಿಸಿ. ತಿರುಗಲು ಶುರುವಾದ ಮೇಲೆ ಲಿವರ್ ತೆಗೆದು, ಮರದ ತುಂಡು ಇಟ್ಟು ಒಳಗಡೆಗೆ ತಟ್ಟಿ. ಉಕ್ಕಿನ ಸುತ್ತಿಗೆಯಿಂದ ಹಲ್ಲಿನ ತುದಿಗೇ ಹೊಡೆದರೆ ತುದಿ ಅರಳಿ, ಅದೇ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಕ್ಯಾಮ್ ಮತ್ತು ತೂತನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು 400 ಎಮರಿಯಲ್ಲಿ ನಯ ಮಾಡಿ. ಶಾಖ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ, ಕ್ಯಾಮ್ ಮುಖಕ್ಕೆ ಮತ್ತು ಶೂ ಕೂರುವ ಪಿನ್‌ಗೆ ಹೆಸರುಕಾಳಿನಷ್ಟು. ಹೆಚ್ಚಾದರೆ ಬಿಸಿಗೆ ಕರಗಿ ಶೂಗೆ ಇಳಿಯುತ್ತದೆ. ಗ್ರೀಸ್ ಕುಡಿದ ಶೂ ಪೆಟ್ರೋಲ್‌ನಲ್ಲಿ ತೊಳೆದರೂ, ಸುಟ್ಟರೂ ಸರಿಹೋಗದು. ಕ್ಯಾಮ್ ಬಾಯಲ್ಲಿರುವ ಫೆಲ್ಟ್ ಅಥವಾ ರಬ್ಬರ್ ರಿಂಗ್ ಹೊಸದು ಹಾಕಿ, ಫೆಲ್ಟ್ ಆದರೆ ಎಂಜಿನ್ ಆಯಿಲ್‌ನಲ್ಲಿ ಅದ್ದಿ. ಕೆಸರು ನೀರು ಒಳಗೆ ನುಗ್ಗುವ ದಾರಿ ಅದೇ. ನಾಲೆ ದಡದಲ್ಲಿ ಪಂಪಿನ ನೀರನ್ನು ನೇರ ಹಬ್‌ಗೆ ಹಿಡಿದು ತೊಳೆಯುವ ಅಭ್ಯಾಸ ಇದ್ದರೆ ಬಿಡಿ.

ಇನ್ನೊಂದು ಮಾತು. ಶೂ ಸವೆದಾಗ ಲಿವರನ್ನು ಒಂದು ಹಲ್ಲು ಮುಂದಕ್ಕೆ ಕೂರಿಸಿ ಬ್ರೇಕ್ ಬಿಗಿ ಮಾಡಿಕೊಡುವವರಿದ್ದಾರೆ. ಒಪ್ಪಬೇಡಿ. ಕ್ಯಾಮ್ ಅತಿಯಾಗಿ ತಿರುಗಿ ಅಡ್ಡ ನಿಂತರೆ ಸ್ಪ್ರಿಂಗ್‌ಗೆ ಅದನ್ನು ವಾಪಸ್ ತರುವ ಶಕ್ತಿ ಇರುವುದಿಲ್ಲ, ಓಡುತ್ತಿರುವಾಗಲೇ ಚಕ್ರ ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ತಂದೆಯವರ ಕಾಲದ ಯೆಜ್ಡಿ, ಬಹಳ ವರ್ಷದಿಂದ ಹಿತ್ತಿಲ ಶೆಡ್ಡಿನಲ್ಲಿತ್ತು. ಎರಡೂ ಡ್ರಮ್ ಹಿಡಿದಿವೆ. ಆಕ್ಸಲ್ ಬಿಚ್ಚಿದರೂ ಬ್ರೇಕ್ ಪ್ಲೇಟ್ ಹಬ್‌ನಿಂದ ಬರುತ್ತಿಲ್ಲ.
— ಓದುಗರೊಬ್ಬರು, ಯಾದವಗಿರಿ, ಮೈಸೂರು

ಉತ್ತರ: ಯೆಜ್ಡಿ ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿತು. ಅಂದರೆ ನಿಮ್ಮದರ ಬ್ರೇಕ್ ಲೈನಿಂಗ್ ಮೂಲದ್ದೇ ಆಗಿದ್ದರೆ ಅದರಲ್ಲಿ ಶ್ವಾಸಕೋಶಕ್ಕೆ ಕೆಡುಕಾದ ಆಸ್ಬೆಸ್ಟಾಸ್ ಇದೆ ಎಂದೇ ತಿಳಿದು ಕೆಲಸ ಮಾಡಿ. ಗಾಳಿ ಹೊಡೆದು ಧೂಳು ಹಾರಿಸಬೇಡಿ, ಒಣ ಬ್ರಷ್ ಬೇಡ. ಮಾಸ್ಕ್ ಹಾಕಿ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿಹಾಕಿ.

ಪ್ಲೇಟ್ ಬರದಿರಲು ಎರಡು ಕಾರಣ. ಲೈನಿಂಗ್ ತುಕ್ಕಿನ ಮೂಲಕ ಡ್ರಮ್‌ಗೆ ಅಂಟಿಕೊಂಡಿರುತ್ತದೆ. ಇಲ್ಲವೇ ಡ್ರಮ್ ಸವೆದು ಬಾಯಲ್ಲಿ ಏಣು ಎದ್ದಿದ್ದು, ಶೂ ಅದರ ಹಿಂದೆ ಸಿಕ್ಕಿಕೊಂಡಿರುತ್ತದೆ. ಎರಡಕ್ಕೂ ಮೊದಲ ಕೆಲಸ ಒಂದೇ: ಕೇಬಲ್, ರಾಡ್ ಕಳಚಿ ಅಡ್ಜಸ್ಟರನ್ನು ಪೂರ್ತಿ ಸಡಿಲಿಸಿ, ಕ್ಯಾಮ್ ಲಿವರನ್ನು ಬ್ರೇಕ್ ಬಿಡುವ ದಿಕ್ಕಿಗೆ ಕೈಯಲ್ಲಿ ತಿರುಗಿಸಿ. ಚಕ್ರವನ್ನು ಮತ್ತೆ ಆಕ್ಸಲ್ ಮೇಲೆ ಕೂರಿಸಿ, ಹಬ್ ಸುತ್ತ ಮರದ ಸುತ್ತಿಗೆಯಿಂದ ತಟ್ಟುತ್ತಾ ಚಕ್ರವನ್ನು ಹಿಂದೆ ಮುಂದೆ ಜಗ್ಗಿ. ಟೈರಿನ ಅಂಚಿನಿಂದ ಜಗ್ಗಿದರೆ ಹತೋಟಿ ಚೆನ್ನಾಗಿ ಸಿಗುತ್ತದೆ. ಹಳೆಯ ಶೂ ಹೇಗೂ ಬಿಸಾಡುವಂಥದ್ದು, ಆದ್ದರಿಂದ ಈ ಒಂದು ಸಂದರ್ಭದಲ್ಲಿ ಮಾತ್ರ ಪ್ಲೇಟಿನ ಸಂದಿಯಿಂದ ತುಕ್ಕು ಎಣ್ಣೆ ಒಳಗೆ ಬಿಡಬಹುದು. ಹಬ್ ಅಂಚಿಗೆ ಉಳಿ ಹೊಡೆದು ಪ್ಲೇಟ್ ಮೀಟಬೇಡಿ. ಆ ಹಬ್‌ಗಳ ಅಲ್ಯೂಮಿನಿಯಂ ಅಂಚು ಚೂರಾದರೆ ಹೊಂದುವ ಹಬ್ ಹುಡುಕುವುದೇ ದೊಡ್ಡ ಕೆಲಸ.

ಚಕ್ರ ತಿರುಗಿದರೂ ಒಳಗೆ ಗಡಗಡ ಸದ್ದಾದರೆ ಲೈನಿಂಗ್ ಶೂ ಬಿಟ್ಟು ಡ್ರಮ್‌ನಲ್ಲೇ ಉಳಿದಿದೆ ಎಂದರ್ಥ. ಗಾಬರಿ ಬೇಡ, ಶೂ ತೆಗೆದ ಮೇಲೆ ಒದ್ದೆ ಮಾಡಿ ಮರದ ಬೆಣೆಯಿಂದ ಎಬ್ಬಿಸಿ. ಶೂ ಲೋಹ ಗಟ್ಟಿಯಾಗಿದ್ದರೆ ಅವಕ್ಕೇ ಹೊಸ ಲೈನಿಂಗ್ ಹಾಕಿಸಿ, ಆಸ್ಬೆಸ್ಟಾಸ್ ಇಲ್ಲದ್ದನ್ನೇ ಕೇಳಿ. ಡ್ರಮ್ ಒಳಮೈಯ ತುಕ್ಕು 80 ನಂಬರ್ ಎಮರಿಗೆ ಹೋಗುವಷ್ಟಿದ್ದರೆ ಸಾಕು. ಗುಂಡಿ, ಏಣು ಇದ್ದರೆ ಕಡ್ಡಿ (ಸ್ಪೋಕ್) ಸಮೇತ ಚಕ್ರವನ್ನು ತಿರುಗಿಸಬಲ್ಲ ದೊಡ್ಡ ಲೇತ್‌ನಲ್ಲಿ ತೆಳ್ಳಗೆ ಕೆತ್ತಿಸಿ. ಕಡ್ಡಿ ಬಿಚ್ಚಿ ಬರೀ ಹಬ್ ಕೆತ್ತಿಸಿದರೆ, ಮತ್ತೆ ಕಡ್ಡಿ ಬಿಗಿದಾಗ ಎಳೆತಕ್ಕೆ ಡ್ರಮ್ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುವುದುಂಟು. ಕೊನೆಗೆ ಎಣ್ಣೆಯ ಪಸೆ ಇಲ್ಲದಂತೆ ಬ್ರೇಕ್ ಕ್ಲೀನರ್‌ನಲ್ಲಿ ತೊಳೆಯಿರಿ.

ಪ್ರಶ್ನೆ: ಎಬಿಎಸ್ ಇರುವ ಬೈಕಿಗೂ ಇದೇ ವಿಧಾನವೇ?
— ಓದುಗರೊಬ್ಬರು, ಮಳವಳ್ಳಿ

ಉತ್ತರ: 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ (ಚಕ್ರ ಜಾಮ್ ಆಗದಂತೆ ಬ್ರೇಕ್ ಒತ್ತಡ ನಿಯಂತ್ರಿಸುವ ವ್ಯವಸ್ಥೆ) ಕಡ್ಡಾಯವಾಗಿರುವುದರಿಂದ ಈ ಪ್ರಶ್ನೆ ಬಹಳ ಜನರದ್ದು. ಸ್ಲೈಡ್ ಪಿನ್, ಪ್ಯಾಡ್ ಕೆಲಸ ಹಾಗೇ ಮಾಡಬಹುದು, ಚಕ್ರದ ಸೆನ್ಸರ್ ವೈರ್ ಎಳೆಯದಂತೆ ನೋಡಿಕೊಂಡರೆ ಸಾಕು. ಪಿಸ್ಟನ್ ತೆಗೆಯುವಾಗ ಮಾತ್ರ ರಿಸರ್ವಾಯರ್ ಒಮ್ಮೆಯೂ ಖಾಲಿಯಾಗಬಾರದು. ಪಿಸ್ಟನ್ ಹೊರಬಂದ ಕೂಡಲೇ ಹೋಸ್ ಬಾಯಿ ಮುಚ್ಚಿಡಿ. ಗಾಳಿ ಎಬಿಎಸ್ ಘಟಕದೊಳಗೆ ಹೋದರೆ ಕೈ ಬ್ಲೀಡಿಂಗ್‌ಗೆ ಬಾರದೆ ಉಳಿಯಬಹುದು, ಆಗ ಸರ್ವಿಸ್ ಸೆಂಟರಿನ ಸ್ಕ್ಯಾನರ್‌ನಿಂದ ಪಂಪ್ ಓಡಿಸಿಯೇ ತೆಗೆಸಬೇಕು. ಘಟಕವನ್ನು ಮನೆಯಲ್ಲಿ ಬಿಚ್ಚುವ ಮಾತೇ ಇಲ್ಲ.

ಪ್ರಶ್ನೆ: ಕ್ಯಾಲಿಪರ್ ರಬ್ಬರ್‌ಗಳನ್ನು ಪೆಟ್ರೋಲ್‌ನಲ್ಲಿ ತೊಳೆದೆ. ಈಗ ತೋಡಿನಲ್ಲಿ ಕೂರುತ್ತಿಲ್ಲ.
— ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಊದಿವೆ. ಒಣಗಿ ಮೊದಲಿನ ಅಳತೆಗೆ ಬಂದಂತೆ ಕಂಡರೂ ಹಾಕಬೇಡಿ, ಹೊಸ ಕಿಟ್ ತನ್ನಿ. ಬ್ರೇಕ್ ಆಯಿಲ್‌ಗೆ ಒಗ್ಗುವ ಈ ರಬ್ಬರ್ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಯಾವುದನ್ನೂ ತಡೆಯದು. ಲೋಹದ ಭಾಗಗಳನ್ನು ಪೆಟ್ರೋಲ್‌ನಲ್ಲಿ ತೊಳೆದಿದ್ದರೆ ಅವನ್ನೂ ಒಣಗಿಸಿ, ಮತ್ತೊಮ್ಮೆ ಹೊಸ ಬ್ರೇಕ್ ಆಯಿಲ್‌ನಲ್ಲಿ ಅದ್ದಿ ತೊಳೆದ ಮೇಲೆಯೇ ಹೊಸ ಸೀಲ್ ಕೂರಿಸಿ. ತೊಳೆದ ಆಯಿಲನ್ನು ರಿಸರ್ವಾಯರ್‌ಗೆ ಮತ್ತೆ ಹಾಕಬೇಡಿ.